ಊರಿನ ದುಡ್ಡು ಊರಲ್ಲಿ ಎಷ್ಟು ದಿನ ಇರುತ್ತೆ?

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಸಹಕಾರ ಸಂಘಗಳ ಸದಸ್ಯರ ಮುಂದೆ ಆಡಿದ ಮಾತಿನ ಬರಹ ರೂಪ)

ಮೂವತ್ತಕ್ಕೂ ಜಾಸ್ತಿ ವರ್ಷ ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದೆ. ಹೆಚ್ಚಿನ ಕಾಲ ಹಳ್ಳಿ ಶಾಖೆಗಳಲ್ಲೇ ಕಳೆಯಿತು. ಕೊನೆಯ ವರ್ಷಗಳು ಹೊಸನಗರ ತಾಲ್ಲೂಕಿನ ಒಂದು ಶಾಖೆಯಲ್ಲಿ. ಅಡಿಕೆ ಮಾರಾಟದ ತಿಂಗಳು ಬಂತು ಅಂದರೆ ಕೌಂಟರ್ ಮುಂದೆ ಸಾಲು ನಿಲ್ಲುತ್ತಿತ್ತು. ಮಂಡಿಯಿಂದ ದುಡ್ಡು ಬಂದು ಖಾತೆಗೆ ಬೀಳುತ್ತಿತ್ತು. ಅದರ ಹಿಂದೆಯೇ ಬೆಂಗಳೂರಿನಿಂದ, ಹೊರದೇಶದಿಂದ ಮಕ್ಕಳು ಕಳಿಸಿದ ದುಡ್ಡು. ಠೇವಣಿಯ ಗುರಿ ಪ್ರತಿ ವರ್ಷ ಮಾರ್ಚ್‌ಗೆ ಮೊದಲೇ ಮುಟ್ಟುತ್ತಿತ್ತು. ಮೇಲಿನವರು ನಮ್ಮ ಶಾಖೆಯನ್ನು ಹೊಗಳುತ್ತಿದ್ದರು.

ಒಂದು ಸಂಜೆ ಬಾಗಿಲು ಹಾಕಿದ ಮೇಲೆ ಸುಮ್ನೆ ಕೂತು ಎರಡು ಮೊತ್ತ ಪಕ್ಕಪಕ್ಕ ಬರೆದೆ. ಈ ಊರಿನವರು ನಮ್ಮಲ್ಲಿ ಇಟ್ಟ ದುಡ್ಡು ಎಷ್ಟು? ಈ ಊರಿನವರಿಗೆ ನಾವು ಕೊಟ್ಟ ಸಾಲ ಎಷ್ಟು? ಸಾಲ ಠೇವಣಿಯ ಅರ್ಧವೂ ಇರಲಿಲ್ಲ. ಉಳಿದದ್ದು ಬ್ಯಾಂಕಿನ ದೊಡ್ಡ ಹುಂಡಿಗೆ ಹೋಗಿತ್ತು. ಅಲ್ಲಿಂದ ಸಾಲ ಕೇಳುವವರು ಜಾಸ್ತಿ ಇರುವ ಕಡೆಗೆ. ಅಂದರೆ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ, ಮಾಲ್‌ಗೆ, ಯಾವುದೋ ಹೆದ್ದಾರಿಗೆ. ನಮ್ಮೂರಿನ ದುಡ್ಡು ನಮ್ಮೂರಿನ ಹುಡುಗನಿಗಿಂತ ಮೊದಲೇ ಬೆಂಗಳೂರಿಗೆ ಹೋಗಿ, ಅವನಿಗೆ ಅಲ್ಲಿ ಕೆಲಸವನ್ನೂ ಬಾಡಿಗೆ ಮನೆಯನ್ನೂ ಹುಡುಕಿಟ್ಟಿರುತ್ತಿತ್ತು. ಆಮೇಲೆ ಹುಡುಗ ಹೋಗುತ್ತಿದ್ದ.

ಹುಲಿಕಲ್ಲಿನಲ್ಲಿ, ಆಗುಂಬೆಯಲ್ಲಿ ಎಷ್ಟು ಮಳೆ ಬೀಳುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದರೂ ಏಪ್ರಿಲ್ ಬಂದರೆ ಮಲೆನಾಡಿನ ಎಷ್ಟೋ ಮನೆಗಳ ಬಾವಿ ತಳ ಕಾಣುತ್ತದೆ. ಬಿದ್ದ ನೀರು ನಿಲ್ಲಲಿಲ್ಲ, ಅಷ್ಟೇ. ದುಡ್ಡಿನ ಕತೆಯೂ ಹೀಗೇ ಇದೆ ಅಂತ ನನಗೆ ಅವತ್ತು ಅನ್ನಿಸಿತು. ಹಿಂದುಳಿದ ಪ್ರದೇಶದ ಮಾತು ಬಂದಾಗೆಲ್ಲ ನಾವು ಕೇಳೋದು ಒಂದೇ: ಸರ್ಕಾರ ಎಷ್ಟು ದುಡ್ಡು ಕೊಟ್ಟಿತು? ಬಂದದ್ದು ಎಷ್ಟು ದಿನ ಇಲ್ಲಿ ನಿಂತಿತು, ಎಷ್ಟು ಕೈ ಬದಲಾಯಿಸಿತು ಅನ್ನೋದನ್ನ ಕೇಳೋದೇ ಇಲ್ಲ. ಇವತ್ತು ನಾನು ಆ ಎರಡನೇ ಪ್ರಶ್ನೆಯ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ಇನ್ನೊಂದು ಊರಿನ ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಶಹಾಪುರದ ಕಡೆ ಹಾಕಿದ್ದರು. ಆಗ ಅದು ಗುಲ್ಬರ್ಗ ಜಿಲ್ಲೆ, ಯಾದಗಿರಿ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. ಒಂದು ಬೆಳಿಗ್ಗೆ ಸಾಲ ವಸೂಲಿಗೆ ಒಂದು ತಾಂಡಾಕ್ಕೆ ಹೋದೆ. ಮನೆಮನೆಗೂ ಬೀಗ. ಒಬ್ಬ ಮುದುಕಮ್ಮ ಮಾತ್ರ ಕಟ್ಟೆ ಮೇಲೆ ಕೂತಿದ್ದರು. ಎಲ್ಲರೂ ಎಲ್ಲಿ ಅಂತ ಕೇಳಿದೆ. "ಗುಳೆ ಹೋಗ್ಯಾರ್ರಿ ಸಾಹೇಬ್ರ. ಇಲ್ಲಿ ಕುಂತ್ರ ಏನ್ ತಿನ್ನೂದ್ರಿ? ಉಗಾದಿಗಿ ಬರ್ತಾರ" ಅಂದರು. ಪಾತ್ರೆ, ಮಕ್ಕಳು, ಮೇಕೆ ಎಲ್ಲ ಕಟ್ಟಿಕೊಂಡು ಲಾರಿ ಹತ್ತಿ ಹೋಗಿದ್ದರು.

ಆ ಸೀಮೆಗೆ ಕೃಷ್ಣಾ ನದಿಯ ಕಾಲುವೆ ನೀರು ಬಂತು. ನಾರಾಯಣಪುರದ ಎಡದಂಡೆ ಕಾಲುವೆ. ನೀರು ಬಂದರೆ ಬಡತನ ಹೋಗುತ್ತೆ ಅಂತ ನಾವೆಲ್ಲ ನಂಬಿದ್ದೆವು. ಬೆಳೆ ಬದಲಾಯಿತು, ಭತ್ತದ ಗದ್ದೆ ಆಯಿತು, ಅದು ಸುಳ್ಳಲ್ಲ. ಆದರೆ ಗದ್ದೆ ಮಾಡೋಕೆ ಜಮೀನು ಮಟ್ಟ ಮಾಡಬೇಕು, ಗೊಬ್ಬರ ಬೇಕು, ಒಂದೆರಡು ಬೆಳೆ ಕೈಕೊಟ್ಟರೂ ತಡೆದುಕೊಳ್ಳುವ ಬಂಡವಾಳ ಬೇಕು. ಅದು ಇದ್ದವರು ನೀರಿನ ಲಾಭ ಪಡೆದರು. ಇಲ್ಲದವರು ಎಷ್ಟೋ ಮಂದಿ ಜಮೀನು ಮಾರಿ ಅಥವಾ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ಮತ್ತೆ ಅದೇ ಲಾರಿ ಹತ್ತಿದರು. ನೀರು ಬಂದದ್ದು ಭೂಮಿಗೆ. ಅದನ್ನು ಹಿಡಿದುಕೊಳ್ಳುವ ಶಕ್ತಿ ಜನಕ್ಕೆ ಬರಲಿಲ್ಲ.

ಆಮೇಲೆ ವರ್ಗವಾಗಿ ಮಲೆನಾಡಿಗೆ ಬಂದೆ. ಇಲ್ಲೂ ಬೀಗ ಹಾಕಿದ ಮನೆಗಳು! ಆದರೆ ಇವು ಬೇರೆ ಥರದ ಮನೆಗಳು. ಹೆಂಚಿನ ದೊಡ್ಡ ಮನೆ, ಮುಂದೆ ಅಡಿಕೆ ಅಂಗಳ, ಹಿಂದೆ ತೋಟ. ಒಳಗೆ ಎಪ್ಪತ್ತು ದಾಟಿದ ಇಬ್ಬರು. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದಾರೆ. ಮಗ ವೈಟ್‌ಫೀಲ್ಡ್‌ನಲ್ಲಿ, ಮಗಳು ಇನ್ನೂ ದೂರ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಇನ್ನೊಬ್ಬರನ್ನು ಮಕ್ಕಳು ಕರೆದುಕೊಂಡು ಹೋಗುತ್ತಾರೆ. ಆಗ ಬೀಗ ಬೀಳುತ್ತದೆ. ಯಾದಗಿರಿಯ ಬೀಗ ಉಗಾದಿಗಾದರೂ ತೆಗೆಯುತ್ತದೆ. ಇಲ್ಲಿನದು ಎಷ್ಟೋ ಸಲ ತೆಗೆಯೋದೇ ಇಲ್ಲ.

ಎರಡೂ ಕಷ್ಟ ಒಂದೇ ಅಂತ ನಾನು ಹೇಳುತ್ತಿಲ್ಲ. ಹಸಿವಿನಿಂದ ಊರು ಬಿಡೋದು ಬೇರೆ, ಅವಕಾಶ ಹುಡುಕಿ ಹೋಗೋದು ಬೇರೆ. ಸರ್ಕಾರದ ದುಡ್ಡು ಮೊದಲು ಹೋಗಬೇಕಾದ್ದು ಯಾದಗಿರಿಗೆ, ಕಲಬುರಗಿಗೆ, ರಾಯಚೂರಿಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಕಲಬುರಗಿಯದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಇದೆ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ. ಸಂವಿಧಾನದ 371(ಜೆ) ವಿಧಿ ಈ ಜಿಲ್ಲೆಗಳಿರುವ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟಿತು. ಅದು ದಯೆ ಅಲ್ಲ, ಬಾಕಿ ತೀರಿಸಿದ್ದು. ನಮಗ್ಯಾಕೆ ಇಲ್ಲ ಅಂತ ಇಲ್ಲಿ ಕೆಲವರು ಕೇಳುತ್ತಾರೆ. ದಯವಿಟ್ಟು ಒಂದು ಸಲ ಆ ಕಡೆ ಹೋಗಿ ಬನ್ನಿ, ಆಮೇಲೆ ಮಾತಾಡೋಣ.

ಈಗ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವಿಷಯ. 2000ದಲ್ಲಿ ರಾಜ್ಯ ಸರ್ಕಾರ ನೇಮಿಸಿತು, 2002ರಲ್ಲಿ ವರದಿ ಬಂತು. ಆಗ ಇದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿದರು. ಅದರಲ್ಲಿ 39 ಅತ್ಯಂತ ಹಿಂದುಳಿದವು. ವಿದ್ಯಾರ್ಥಿಗಳು ಆ ವರದಿಯನ್ನು ಓದಬೇಕು. ಅದರ ದೊಡ್ಡ ಗುಣ, ಜಿಲ್ಲೆಯ ಸರಾಸರಿಯನ್ನು ನಂಬದೆ ತಾಲ್ಲೂಕಿಗೆ ಇಳಿದು ಅಳೆದದ್ದು. ಜಿಲ್ಲೆಯ ಸರಾಸರಿಯಲ್ಲಿ ಶಿವಮೊಗ್ಗ ನಗರದ ಆಸ್ಪತ್ರೆ ಹೊಸನಗರದ ಹಾಸಿಗೆಯನ್ನೂ ಲೆಕ್ಕಕ್ಕೆ ತುಂಬಿಬಿಡುತ್ತದೆ. ಕಾಗದದ ಮೇಲೆ ಎಲ್ಲರಿಗೂ ಹಾಸಿಗೆ ಇದೆ. ಹೆರಿಗೆ ನೋವು ಬಂದವರಿಗೆ ಅರವತ್ತು, ಎಪ್ಪತ್ತು ಕಿಲೋಮೀಟರ್ ದಾರಿ ಇದೆ.

ತಾಲ್ಲೂಕಿನಿಂದ ಇನ್ನೂ ಒಂದು ಮೆಟ್ಟಿಲು ಇಳಿದು ಹೋಬಳಿಯನ್ನು ಅಳೆಯಬೇಕು ಅನ್ನೋದು ನನ್ನ ಅಭಿಪ್ರಾಯ. ಆದಾಯದ ಜೊತೆಗೆ ಇನ್ನೊಂದನ್ನೂ ಲೆಕ್ಕ ಹಿಡಿಯಬೇಕು: ಯಾರು ಉಳಿದಿದ್ದಾರೆ? 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇ. 15.6ರಷ್ಟು ಏರಿತು. ಬೆಂಗಳೂರು ನಗರ ಜಿಲ್ಲೆಯದು ಶೇ. 47ರಷ್ಟು. ನಮ್ಮ ಶಿವಮೊಗ್ಗದ್ದು ಶೇ. 7ಕ್ಕೂ ಕಡಿಮೆ. ಪಕ್ಕದ ಚಿಕ್ಕಮಗಳೂರಿನಲ್ಲಿ ಏರಲೇ ಇಲ್ಲ, ಇದ್ದದ್ದಕ್ಕಿಂತ ಸ್ವಲ್ಪ ಇಳಿಯಿತು. ಕಾಫಿ ಇದೆ, ಮೆಣಸು ಇದೆ, ಅಡಿಕೆ ಇದೆ, ಆದಾಯದ ಪಟ್ಟಿಯಲ್ಲಿ ಮೇಲೇ ಇದೆ. ಜನ ಮಾತ್ರ ನಿಲ್ಲುತ್ತಿಲ್ಲ.

ಯಾಕೆ ನಿಲ್ಲುತ್ತಿಲ್ಲ? ಇಲ್ಲಿ ನಾನು ಸ್ವಲ್ಪ ಹೊತ್ತು ಶರಾವತಿಯ ಹತ್ತಿರ ನಿಲ್ಲಬೇಕು.

ಜೋಗದ ಮೊದಲ ವಿದ್ಯುದಾಗಾರ 1948ರದು, 120 ಮೆಗಾವಾಟ್. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ದಶಕಗಳ ಕಾಲ ಈ ಕರೆಂಟಿನಲ್ಲಿ ಓಡಿದವು. ರಾಜ್ಯ ಕೈಗಾರಿಕೆಯಲ್ಲಿ ಮುಂದೆ ಬಂತು ಅಂದರೆ ಅದರ ಕೆಳಗೆ ಸಾಗರ, ಹೊಸನಗರ ತಾಲ್ಲೂಕಿನ ಮುಳುಗಿದ ಊರುಗಳಿವೆ. ಅಲ್ಲಿಂದ ಎದ್ದ ಜನರನ್ನು ಕಾಡಿನ ನಡುವೆ ಜಾಗ ತೋರಿಸಿ ಬಿಟ್ಟರು. ಹಿನ್ನೀರಿನ ಎಷ್ಟೋ ಊರಿಗೆ ದೀಪ ಬಂದದ್ದು ದಶಕಗಳು ಕಳೆದ ಮೇಲೆ. ಇನ್ನೂ ದೊಡ್ಡ ವಿಷಯ ಅಂದರೆ, ಅವರಿಗೆ ತೋರಿಸಿದ ಜಾಗ ಬಹಳಷ್ಟು ಕಡೆ ದಾಖಲೆಯಲ್ಲಿ ಅರಣ್ಯ ಅಂತಲೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬದಲಿಸುವ ಹಾಗಿಲ್ಲ. ಮುಳುಗಡೆ ಆದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ.

ನನ್ನ ಶಾಖೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಪಿಯುಸಿ ಓದಿದವಳು, ಮದುವೆಯಾಗಿ ಒಂದು ಮಗು. ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಮೆಷಿನ್ ಹಾಕಬೇಕು ಅಂತ ಅವಳ ಆಸೆ. ಹಾಳೆ ಎಲ್ಲಿ ಸಿಗುತ್ತೆ, ಎಷ್ಟಕ್ಕೆ ಸಿಗುತ್ತೆ, ಮದುವೆ ಸೀಸನ್ನಿನಲ್ಲಿ ಎಷ್ಟು ತಟ್ಟೆ ಹೋಗುತ್ತೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದಳು. ನನ್ನ ಸರ್ವಿಸ್ಸಿನಲ್ಲಿ ಅಷ್ಟು ಚೆನ್ನಾಗಿ ಲೆಕ್ಕ ತಂದವರು ಕಡಿಮೆ. ಪಹಣಿ ಕೇಳಿದೆ. ಇಲ್ಲ. ಮನೆ ಇದೆ, ಒಂದೂವರೆ ಎಕರೆ ತೋಟ ಇದೆ, ಅವಳ ಗಂಡನ ಅಜ್ಜ ನೆಟ್ಟ ಮರಗಳಿವೆ. ಕಾಗದ ಇಲ್ಲ. ಮುಳುಗಡೆ ಕುಟುಂಬ. ಅಡಮಾನ ಇಲ್ಲದೆ ಸಣ್ಣ ಉದ್ದಿಮೆಗೆ ಸಾಲ ಕೊಡುವ ಯೋಜನೆಗಳು ಆಗಲೂ ಇದ್ದವು. ನಾನು ಮೇಲಕ್ಕೆ ಬರೆದೆ. ಎರಡು ಸಲ ವಾಪಸ್ ಬಂತು. ಮೂರನೇ ಸಲ ನಾನು ಬರೆಯಲಿಲ್ಲ. ಅದು ನನ್ನ ತಪ್ಪು, ಇವತ್ತಿಗೂ ನನ್ನನ್ನು ಕಾಡುತ್ತದೆ.

ನೋಡಿ, ಒಂದು ಊರು ಹೇಗೆ ಸೊರಗುತ್ತೆ ಅನ್ನೋದು ಈ ಒಂದು ಅರ್ಜಿಯಲ್ಲೇ ಇದೆ. ರಾಜ್ಯಕ್ಕೆ ಬೆಳಕು ಬೇಕಿತ್ತು, ಭೂಮಿ ಹೋಯಿತು. ಭೂಮಿ ಹೋದಾಗ ಕಾಗದ ಹೋಯಿತು. ಕಾಗದ ಇಲ್ಲದ್ದಕ್ಕೆ ಸಾಲ ಇಲ್ಲ, ಸಾಲ ಇಲ್ಲದ್ದಕ್ಕೆ ಮೆಷಿನ್ ಇಲ್ಲ. ಅದೇ ಸಮಯದಲ್ಲಿ ಅದೇ ಊರಿನ ಠೇವಣಿ ಬೇರೆಲ್ಲೋ ಸಾಲವಾಗಿ ಕೂತಿತ್ತು.

ಹಿಮಾಚಲ ಪ್ರದೇಶದಲ್ಲಿ ಜಲವಿದ್ಯುತ್ ಯೋಜನೆಗಳಿಂದ ರಾಜ್ಯಕ್ಕೆ ಶೇ. 12ರಷ್ಟು ಕರೆಂಟು ಉಚಿತವಾಗಿ ಸಿಗುತ್ತದೆ. 2008ರ ರಾಷ್ಟ್ರೀಯ ಜಲವಿದ್ಯುತ್ ನೀತಿ ಅದರ ಮೇಲೆ ಇನ್ನೂ ಶೇ. 1ರಷ್ಟನ್ನು ಯೋಜನೆ ಇರುವ ಸ್ಥಳದ ಅಭಿವೃದ್ಧಿ ನಿಧಿಗೆ ಇಡಬೇಕು ಅಂದಿತು. ಸಂತ್ರಸ್ತ ಕುಟುಂಬಕ್ಕೆ ಹತ್ತು ವರ್ಷ ತಿಂಗಳಿಗೆ 100 ಯೂನಿಟ್ ಉಚಿತ ಅಂತಲೂ ಇದೆ. ಗಣಿಗಾರಿಕೆಯಲ್ಲಿ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಅದಿರು ತೆಗೆದ ಜಿಲ್ಲೆಯಲ್ಲೇ ಒಂದು ಪಾಲು ಉಳಿಯುತ್ತದೆ, ಬಳ್ಳಾರಿಗೆ ಅದು ಸಿಗುತ್ತಿದೆ. ನಮ್ಮ ಶರಾವತಿ ಇವೆಲ್ಲಕ್ಕಿಂತ ಬಹಳ ಹಿಂದಿನದು. ಹಿಂದಿನದು ಅನ್ನೋದು ಕಾರಣ ಆಗಬಾರದು. ಟರ್ಬೈನು ಇವತ್ತೂ ತಿರುಗುತ್ತಿದೆ, ಬಿಲ್ಲು ಇವತ್ತೂ ವಸೂಲಾಗುತ್ತಿದೆ. ಪ್ರತಿ ಯೂನಿಟ್ಟಿಗೆ ಕೆಲವೇ ಪೈಸೆ ಮುಳುಗಡೆ ಹೋಬಳಿಗಳಿಗೆ ಬರಲಿ. ಬಂದದ್ದನ್ನು ಖರ್ಚು ಮಾಡುವ ತೀರ್ಮಾನ ಅಲ್ಲಿನ ಗ್ರಾಮ ಪಂಚಾಯಿತಿಗಳ ಕೈಯಲ್ಲಿರಲಿ. ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕೆಳಗಿನ ನೀರನ್ನು ಮತ್ತೆ ಮೇಲಕ್ಕೆತ್ತಿ ಕರೆಂಟು ತೆಗೆಯುವ ಯೋಜನೆಯ, ಚರ್ಚೆ ನಡೆದಿದೆ. ಅದರ ಪರಿಸರದ ಪ್ರಶ್ನೆ ತುಂಬಾ ದೊಡ್ಡದು, ಅದಕ್ಕೆ ಬೇರೆಯೇ ಸಭೆ ಬೇಕು. ನಾನು ಕೇಳೋದು ಇಷ್ಟು: ಹಳೆಯ ಬಾಕಿ ತೀರಿಸದೆ ಹೊಸ ಖಾತೆ ತೆರೆಯೋದು ಯಾವ ನ್ಯಾಯ?

ಕಾರ್ಖಾನೆ ಬಂದರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ. ಭದ್ರಾವತಿ ಇಲ್ಲಿಂದ ಇಪ್ಪತ್ತು ಕಿಲೋಮೀಟರ್ ಅಷ್ಟೇ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಇದ್ದಿಲು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್. ಎರಡೂ ಸೇರಿ ಒಂದು ಊರನ್ನೇ ಕಟ್ಟಿದವು. ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಆಟದ ಮೈದಾನ. ಕಾರ್ಖಾನೆಯ ಸೈರನ್ ಕೇಳಿ ಮನೆಯ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಊರು ಅದು. ಕಾಗದದ ಕಾರ್ಖಾನೆ ಹತ್ತು ವರ್ಷದ ಹಿಂದೆಯೇ ನಿಂತಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು. ಕಾರ್ಮಿಕರು ಬೀದಿಗೆ ಇಳಿದರು, ಅದೇ ವರ್ಷ ಒಂದು ಭಾಗ ಮತ್ತೆ ಶುರುವಾಯಿತು. ನಗರದ ಜನಸಂಖ್ಯೆ 2001ರಲ್ಲಿ ಸುಮಾರು 1.6 ಲಕ್ಷ ಇದ್ದದ್ದು 2011ಕ್ಕೆ ಸುಮಾರು 1.5 ಲಕ್ಷಕ್ಕೆ ಇಳಿಯಿತು. ಕರ್ನಾಟಕದಲ್ಲಿ ಕುಗ್ಗಿದ ನಗರ ಅಂದರೆ ಅದು ಅಪರೂಪದ ಸಂಗತಿ.

ಭದ್ರಾವತಿಯಲ್ಲಿ ದುಡ್ಡು ಒಂದು ಕಾಲದಲ್ಲಿ ನಿಂತಿತ್ತು, ಇದನ್ನು ಮರೆಯಬಾರದು. ಸಂಬಳ ಊರಲ್ಲೇ ಖರ್ಚಾಗುತ್ತಿತ್ತು. ಟೈಲರ್‌ನಿಂದ ಹಿಡಿದು ಸಿನಿಮಾ ಮಂದಿರದವರೆಗೆ ಎಲ್ಲರ ಕೈ ಸುತ್ತುತ್ತಿತ್ತು. ಆದರೆ ಇಡೀ ಊರು ಒಂದೆರಡು ಸಂಬಳದ ಪಟ್ಟಿಗಳ ಮೇಲೆ ನಿಂತಿತ್ತು. ಸ್ವಂತ ಗಣಿ ಇಲ್ಲದ್ದು ಉಕ್ಕಿನ ಕಾರ್ಖಾನೆಗೆ ದೊಡ್ಡ ಪೆಟ್ಟಾಯಿತು. ಮೆಷಿನುಗಳು ಹಳೆಯದಾದವು. ಮುಂದೇನು ಅನ್ನೋ ತೀರ್ಮಾನ ದೆಹಲಿಯ ಕೋಣೆಗೆ ಹೋಯಿತು. ಕಾರ್ಖಾನೆ ಉಳಿಯಬೇಕು, ಅದಕ್ಕೆ ಹೋರಾಡುವವರ ಜೊತೆ ನಾನಿದ್ದೇನೆ. ಅದರ ಜೊತೆಗೆ, ಐವತ್ತು ವರ್ಷ ಲೇತ್ ಮೆಷಿನ್ ಹಿಡಿದ ಕೈಗಳು ಆ ಊರಿನಲ್ಲಿ ಇವೆ. ಆ ಕೈಕೆಲಸ ನಂಬಿ ಸಣ್ಣ ಸಣ್ಣ ಘಟಕಗಳಿಗೆ ಸಾಲ ಕೊಡೋದಕ್ಕೆ ದೆಹಲಿಯನ್ನು ಕಾಯಬೇಕಾಗಿಲ್ಲ. ಅಡಿಕೆ ಸುಲಿಯುವ ಮೆಷಿನ್, ಕೊನೆ ಇಳಿಸುವ ದೋಟಿ, ಔಷಧಿ ಹೊಡೆಯುವ ಪಂಪು, ಇದೆಲ್ಲ ನಮಗೆ ದಿನಾ ಬೇಕಾದ್ದು. ಭದ್ರಾವತಿಯಲ್ಲಿ ಆಗದ್ದೇನಿದೆ ಇದರಲ್ಲಿ?

ಇಲ್ಲಿ ಒಂದು ಹೊರಗಿನ ಉದಾಹರಣೆ ಹೇಳಿ ಮತ್ತೆ ಊರಿಗೆ ಬರುತ್ತೇನೆ. 1990ರಲ್ಲಿ ಜರ್ಮನಿಯ ಎರಡು ಭಾಗ ಒಂದಾದವು. ಪೂರ್ವದ ಭಾಗ ಸೊರಗಿತ್ತು. ಪಶ್ಚಿಮದವರು ತೆರಿಗೆಯ ಮೇಲೆ ಇನ್ನೊಂದು ತೆರಿಗೆ ಕಟ್ಟಿ, ಅಪಾರ ದುಡ್ಡು ಹಾಕಿದರು. ರಸ್ತೆ, ರೈಲು, ಫೋನು ಎಲ್ಲ ಹೊಸದಾದವು. ಹಳೆಯ ಊರುಗಳು ಚೆಂದ ಕಂಡವು. ಆದರೂ ವರ್ಷಗಟ್ಟಲೆ ಜನ ಪಶ್ಚಿಮಕ್ಕೆ ಹೋದರು. ಅವರಲ್ಲಿ ಮೊದಲು ಹೋದವರು, ಜಾಸ್ತಿ ಹೋದವರು ಯಾರು ಗೊತ್ತಾ? ಓದಿದ ಹೆಣ್ಣುಮಕ್ಕಳು. ಕೆಲವು ಹಳ್ಳಿಗಳಲ್ಲಿ ಮದುವೆ ವಯಸ್ಸಿನ ಗಂಡಸರೇ ಉಳಿದರು.

ಇದನ್ನು ಓದಿದಾಗ ನನಗೆ ತೀರ್ಥಹಳ್ಳಿ, ಕೊಪ್ಪದ ಊರುಗಳು ಕಣ್ಣ ಮುಂದೆ ಬಂದವು. ನಮ್ಮಲ್ಲೂ ಅದೇ ಅಲ್ವಾ? ತೋಟ ಇದೆ, ಮನೆ ಇದೆ, ಹುಡುಗ ಒಳ್ಳೆಯವನು, ಮೂವತ್ತೆಂಟಾದರೂ ಹೆಣ್ಣು ಸಿಗುತ್ತಿಲ್ಲ. ಸಭೆಗಳಲ್ಲಿ ಇದನ್ನು ಹೆಣ್ಣುಮಕ್ಕಳ ದುರಾಸೆ ಅಂತ ಮಾತಾಡೋದನ್ನ ಕೇಳಿ ನನಗೆ ಬೇಸರವಾಗಿದೆ. ಎಂ.ಎಸ್ಸಿ. ಓದಿದ ಹುಡುಗಿಗೆ ಆ ಊರಲ್ಲಿ ನಾವು ಏನು ಕೆಲಸ ಇಟ್ಟಿದ್ದೇವೆ? ಸಂಜೆ ಆರರ ಮೇಲೆ ಬಸ್ ಇದೆಯಾ? ಹೆರಿಗೆ ಮಾಡಿಸುವ ಡಾಕ್ಟರ್ ತಾಲ್ಲೂಕಿನಲ್ಲಿ ಇದ್ದಾರಾ? ಮಗುವಿಗೆ ಶಾಲೆ? ಅವಳು ಬೇಡ ಅಂದದ್ದು ಹುಡುಗನನ್ನಲ್ಲ. ಊರು ಅವಳಿಗಾಗಿ ಏನನ್ನೂ ಇಟ್ಟಿಲ್ಲ. ಒಂದು ಪ್ರದೇಶ ಸೊರಗುತ್ತಿದೆಯಾ ಅಂತ ತಿಳಿಯಬೇಕಾದರೆ ಅಲ್ಲಿನ ಓದಿದ ಹೆಣ್ಣುಮಕ್ಕಳು ಎಲ್ಲಿದ್ದಾರೆ ಅಂತ ನೋಡಿದರೆ ಸಾಕು. ಅಧಿಕಾರಿಗಳ ಮುಂದೆ ಈ ಮಾತು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಹೆಗ್ಗೋಡಿನ ಹತ್ತಿರದ ಭೀಮನಕೋಣೆಯ ಚರಕ ಮಹಿಳಾ ಸಂಘವನ್ನು ನೀವೆಲ್ಲ ಬಲ್ಲಿರಿ. ಕೈಮಗ್ಗದ ಬಟ್ಟೆ, ಗಿಡಮೂಲದ ಬಣ್ಣ. ಅಡಿಕೆ ಬೇಯಿಸಿದ ಚೊಗರಿನಿಂದಲೂ ಬಣ್ಣ ತೆಗೆದರು. ಸುತ್ತಲ ಊರಿನ ಹೆಣ್ಣುಮಕ್ಕಳಿಗೆ ಮನೆಯಿಂದ ನಡೆದು ಹೋಗುವ ದೂರದಲ್ಲಿ ಕೆಲಸ ಸಿಕ್ಕಿತು. ಅವರೇ ಸದಸ್ಯರು, ಅವರದೇ ಸಂಘ. 2020ರಲ್ಲಿ ಅದು ದೊಡ್ಡ ಸಂಕಷ್ಟಕ್ಕೆ ಸಿಕ್ಕಿತು, ಅದೂ ನಮಗೆ ಪಾಠವೇ. ಇಂಥ ಸಂಘಕ್ಕೆ ಬೇಕಾದ್ದು ದುಡಿಯುವ ಬಂಡವಾಳ, ಅಂದರೆ ನೂಲು ಕೊಂಡ ದಿನದಿಂದ ಬಟ್ಟೆ ಮಾರಿದ ದುಡ್ಡು ಬರುವ ದಿನದವರೆಗೆ ತಡೆದುಕೊಳ್ಳುವ ಹಣ. ಅದು ಸಮಯಕ್ಕೆ ಸಿಗದಿದ್ದರೆ ಒಳ್ಳೆಯ ಬಟ್ಟೆ, ಒಳ್ಳೆಯ ಹೆಸರು ಎರಡೂ ಇದ್ದು ಸಂಘ ಮುಗ್ಗರಿಸುತ್ತದೆ. ಬ್ಯಾಂಕಿನವರು ಇರೋದೇ ಇದಕ್ಕೆ.

ಬ್ಯಾಂಕಿನ ಮಾತಿಗೆ ವಾಪಸ್ ಬರುತ್ತೇನೆ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. 1977ರಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ತಂದಿತು: ಈಗಾಗಲೇ ಬ್ಯಾಂಕ್ ಇರುವ ಕಡೆ ಒಂದು ಶಾಖೆ ತೆರೆಯಬೇಕಾದರೆ, ಬ್ಯಾಂಕೇ ಇಲ್ಲದ ನಾಲ್ಕು ಕಡೆ ತೆರೆಯಬೇಕು. 1990ರವರೆಗೆ ಅದು ನಡೆಯಿತು. ನನ್ನಂಥವರು ಶಹಾಪುರದ ಹಳ್ಳಿಗಳಿಗೆ ಹೋದದ್ದು ಆ ಕಾಲದಲ್ಲಿ. ಆ ನಿಯಮದಿಂದ ಹಳ್ಳಿಗಳ ಬಡತನ ಇಳಿಯಿತು ಅಂತ ಆಮೇಲೆ ಅರ್ಥಶಾಸ್ತ್ರಜ್ಞರು ಅಳೆದು ತೋರಿಸಿದರು. ಕೊಟ್ಟ ಸಾಲದಲ್ಲಿ ಎಷ್ಟೋ ವಾಪಸ್ ಬರಲಿಲ್ಲ, ಅದೂ ನಿಜ. 1990ರ ನಂತರ ನಿಯಮ ಹೋಯಿತು. ಶಾಖೆಗಳು ಉಳಿದವು, ಸಾಲ ಕೊಡುವ ಹುಮ್ಮಸ್ಸು ಹೋಯಿತು. ಹಳ್ಳಿಯ ಶಾಖೆ ಠೇವಣಿ ಎತ್ತುವ ಪಂಪಾಯಿತು.

ತೀರ್ಮಾನ ತೆಗೆದುಕೊಳ್ಳುವ ಜಾಗವೂ ದೂರವಾಗುತ್ತಾ ಹೋಯಿತು. ಶಿವಮೊಗ್ಗದಲ್ಲೇ ಕೇಂದ್ರ ಕಚೇರಿ ಇದ್ದ ಸಹ್ಯಾದ್ರಿ ಗ್ರಾಮೀಣ ಬ್ಯಾಂಕ್ 2005ರಲ್ಲಿ ಬೇರೆಯವುಗಳ ಜೊತೆ ಸೇರಿ ಬಳ್ಳಾರಿಗೆ ಹೋಯಿತು. 2025ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಯಿತು. ದೊಡ್ಡದಾದರೆ ಬಲ ಬರುತ್ತೆ, ಒಪ್ಪುತ್ತೇನೆ. ಆದರೆ ಚೇಣಿ ಅಂದರೇನು, ಅಡಿಕೆಯಲ್ಲಿ ಬೆಟ್ಟೆ ಯಾವುದು, ರಾಶಿ ಯಾವುದು, ಗೊರಬಲು ಯಾವುದು, ಕೊಳೆರೋಗ ಬಂದ ವರ್ಷ ಯಾರ ಕಂತು ತಡವಾಗುತ್ತೆ, ಯಾರದು ಆಗಬಾರದು, ಇದನ್ನೆಲ್ಲ ಕಂಪ್ಯೂಟರಿನ ಅಂಕ ಹೇಳೋದಿಲ್ಲ. ಇಲ್ಲೇ ಇದ್ದವರಿಗೆ ಗೊತ್ತಿರುತ್ತದೆ. ಸ್ವಾತಂತ್ರ್ಯಕ್ಕೂ ಮೊದಲೇ ಈ ಜಿಲ್ಲೆಯ ಅಡಿಕೆ ಬೆಳೆಗಾರರು ತಮ್ಮದೇ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಕಟ್ಟಿದ್ದು ಆ ತಿಳಿವಳಿಕೆಯಿಂದಲೇ.

ರಿಸರ್ವ್ ಬ್ಯಾಂಕ್ ಹೇಳೋದು, ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಶಾಖೆಗಳಲ್ಲಿ ನೂರು ರೂಪಾಯಿ ಠೇವಣಿಗೆ ಕನಿಷ್ಠ 60 ರೂಪಾಯಿ ಸಾಲ ಇರಬೇಕು ಅಂತ. ಬ್ಯಾಂಕಿನವರು ಇದನ್ನು ಸಿ.ಡಿ. ರೇಷಿಯೋ ಅನ್ನುತ್ತಾರೆ. ಒಂದು ಬ್ಯಾಂಕಿನ ಎಲ್ಲ ಶಾಖೆ ಸೇರಿಸಿ ಈ ಲೆಕ್ಕ ಸರಿ ಹೋಗಬಹುದು. ಮತ್ತೆ ಅದೇ ಸರಾಸರಿಯ ಸಮಸ್ಯೆ. ಹಾಗಾಗಿ ಹೋಬಳಿವಾರು ಲೆಕ್ಕ ಬೇಕು. ತಾಲ್ಲೂಕು ಮಟ್ಟದಲ್ಲಿ ಬ್ಯಾಂಕರುಗಳ ಸಭೆ ಮೂರು ತಿಂಗಳಿಗೊಮ್ಮೆ ನಡೆಯುತ್ತದೆ. ಎಷ್ಟೋ ವರ್ಷ ಆ ಸಭೆಯಲ್ಲಿ ನಾನು ಕೂತಿದ್ದೇನೆ. ಈ ಲೆಕ್ಕವನ್ನು ಹೊರಗಿನವರು ಬಂದು ಕೇಳಿದ್ದು ನನಗೆ ನೆನಪಿಲ್ಲ. ಸಹಕಾರ ಸಂಘದವರು ಇಲ್ಲಿದ್ದೀರಿ. ಪಂಚಾಯಿತಿ ಅಧ್ಯಕ್ಷರ ಮೂಲಕ ಕೇಳಿ, ಜಿಲ್ಲಾ ಸಭೆಯಲ್ಲಿ ನಿಮ್ಮ ಶಾಸಕರಿಂದ ಕೇಳಿಸಿ.

ರಸ್ತೆ, ಸೇತುವೆ ಬೇಡವಾ ಅಂತ ಕೇಳಬಹುದು. ಬೇಕು. ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾದಾಗ ತುಮರಿ ಕಡೆಯ ಜನ ಅತ್ತದ್ದು ನನಗೆ ಅರ್ಥವಾಗುತ್ತದೆ. ಅರವತ್ತು ವರ್ಷ ಲಾಂಚ್ ಕಾದವರು ಅವರು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹಾವು ಕಚ್ಚಿದರೆ ಏನು ಮಾಡಬೇಕು ಅನ್ನೋ ಭಯದಲ್ಲಿ ಎರಡು ತಲೆಮಾರು ಕಳೆದರು. ಆದರೆ ರಸ್ತೆಗೆ ಎರಡು ದಿಕ್ಕು. ಬರುವ ದಾರಿಯಲ್ಲೇ ಹೋಗೋದೂ ಸುಲಭ. ತುಮರಿಯಲ್ಲೇ ಡಾಕ್ಟರ್, ಕಾಲೇಜು, ನಾಲ್ಕು ಕೆಲಸ ಬರದಿದ್ದರೆ ಸೇತುವೆ ಜನರನ್ನು ಇನ್ನೂ ಬೇಗ ಸಾಗರಕ್ಕೆ, ಶಿವಮೊಗ್ಗಕ್ಕೆ ಸಾಗಿಸುತ್ತದೆ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣಕ್ಕೂ ಇದೇ ಮಾತು.

ಮಂಗನಕಾಯಿಲೆಗೆ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರಿದೆ. 1957ರಲ್ಲಿ ಕಂಡದ್ದು. ಅರವತ್ತು ವರ್ಷ ಕಳೆದು, 2019ರ ಶುರುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸಾಯುತ್ತಿದ್ದಾಗ ರೋಗಿಗಳನ್ನು ಮಣಿಪಾಲಕ್ಕೆ ಸಾಗಿಸಬೇಕಾಯಿತು. ರೋಗಕ್ಕೆ ನಮ್ಮೂರಿನ ಹೆಸರು, ಚಿಕಿತ್ಸೆಗೆ ಘಟ್ಟ ಇಳಿಯಬೇಕು. ಇದನ್ನು ನಾವು ಹೇಗೆ ಸಹಿಸಿಕೊಂಡೆವು?

ಒಂದು ಕಷ್ಟದ ಮಾತು ಶಿವಮೊಗ್ಗದವರಿಗೆ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗದ ಪ್ರಕಾರ ಕರ್ನಾಟಕದ ಪಾಲು ಶೇ. 4.713 ಇತ್ತು, 15ನೇ ಆಯೋಗದಲ್ಲಿ ಶೇ. 3.647 ಆಯಿತು. ನಾವು ದೆಹಲಿಯ ಮೇಲೆ ಸಿಟ್ಟಾದೆವು, ನ್ಯಾಯವೇ. ಬೆಂಗಳೂರು ಎಲ್ಲವನ್ನೂ ಎಳೆದುಕೊಳ್ಳುತ್ತೆ ಅಂತ ಶಿವಮೊಗ್ಗದಲ್ಲಿ ಕೂತು ಹೇಳುತ್ತೇವೆ, ಅದೂ ನ್ಯಾಯ. ಹೊಸನಗರದಲ್ಲಿ ನಿಂತು ನೋಡಿದರೆ ಶಿವಮೊಗ್ಗ ಏನು ಮಾಡುತ್ತಿದೆ? ಒಳ್ಳೆಯ ಡಾಕ್ಟರ್ ಇಲ್ಲಿ, ಒಳ್ಳೆಯ ಕೋಚಿಂಗ್ ಇಲ್ಲಿ. ಮಕ್ಕಳ ಓದಿಗೆ ಅಂತ ತಾಯಿ ಇಲ್ಲಿ ಬಾಡಿಗೆ ಮನೆ ಮಾಡುತ್ತಾಳೆ, ತಂದೆ ತೋಟದಲ್ಲಿ ಒಬ್ಬನೇ ಅಡುಗೆ ಮಾಡಿಕೊಳ್ಳುತ್ತಾನೆ. ಅಡಿಕೆಯ ದುಡ್ಡು ಇಲ್ಲಿನ ಲೇಔಟಿನ ಸೈಟಾಗುತ್ತದೆ. ನಮ್ಮ ಜಿಲ್ಲೆಯೊಳಗಿನ ಅಸಮಾನತೆಗೆ ನಾವೇ ಹೊಣೆ. ಜಿಲ್ಲೆಗೆ ಬರುವ ಮುಂದಿನ ದೊಡ್ಡ ಕೆಲಸ, ಅದು ನರ್ಸಿಂಗ್ ಕಾಲೇಜಾಗಲಿ, ಸಂಶೋಧನಾ ಕೇಂದ್ರವಾಗಲಿ, ಕಚೇರಿಯಾಗಲಿ, ನಗರದ ಹೊರಗೆ ರಿಪ್ಪನ್‌ಪೇಟೆಗೆ ಹೋಗಲಿ, ಆನಂದಪುರಕ್ಕೆ ಹೋಗಲಿ, ಬ್ಯಾಕೋಡಿಗೆ ಹೋಗಲಿ ಅಂತ ಶಿವಮೊಗ್ಗದವರೇ ಕೇಳಬೇಕು. ಇಂಥ ಸಣ್ಣ ಪೇಟೆಗೆ ಐವತ್ತು ಸರ್ಕಾರಿ ಸಂಬಳ ಬಂದರೆ ಒಂದು ಮೆಸ್, ಒಂದು ಬೇಕರಿ, ರಾತ್ರಿ ಎಂಟಕ್ಕೊಂದು ಬಸ್, ಮಕ್ಕಳ ಡಾಕ್ಟರ್ ಒಬ್ಬರು ಹಿಂದೆಯೇ ಬರುತ್ತಾರೆ. ನಗರದಲ್ಲಿ ಆ ಐವತ್ತು ಸಂಬಳ ಯಾರ ಕಣ್ಣಿಗೂ ಬೀಳೋದಿಲ್ಲ.

ಆ ಹೆಣ್ಣುಮಗಳ ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ಸಲದ ಸಾಗರದ ಮಾರಿಜಾತ್ರೆಯಲ್ಲಿ ಸಿಕ್ಕಿದ್ದಳು. ಮಗಳು ಅವಳ ಎತ್ತರಕ್ಕೆ ಬೆಳೆದಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ಬಟ್ಟೆ ಕಾರ್ಖಾನೆಯಲ್ಲಿದ್ದಾರಂತೆ. ತೋಟವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದೆ. ಅತ್ತೆ ಇರುವಷ್ಟು ದಿನ ಅತ್ತೆ ಅಂದಳು. ಆ ನೋಟ್‌ಬುಕ್ ಇದೆಯಾ ಅಂತ ಕೇಳುವ ಧೈರ್ಯ ನನಗೆ ಇರಲಿಲ್ಲ. ಅವಳೇ ಹೇಳಿದಳು: "ತಟ್ಟೆ ರೇಟು ಈಗ ಜಾಸ್ತಿ ಆಗಿದೆ ಸರ್. ಊರಿಗೆ ಬಂದಾಗೆಲ್ಲ ವಿಚಾರಿಸ್ತಾ ಇರ್ತೀನಿ. ಹಕ್ಕುಪತ್ರ ಬಂದ್ರೆ ಹೇಳಿ, ನಾಳೆನೇ ಬರ್ತೀವಿ."